ಕೀ ಬಿಟ್ಟಿರದ ಚೀಟಿ

ಫೋನಕ್ಕನ ಮೇಜು ಗ್ಯಾರೇಜಿನ ಬಾಗಿಲಿಗೇ ಅಂಟಿಕೊಂಡಿತ್ತು. ಒಳಗೆ ಹೋಗುವವರು, ಹೊರಗೆ ಬರುವವರು, ಸುಮ್ಮನೆ ಇಣುಕುವವರು, ಎಲ್ಲರೂ ಅವಳನ್ನು ದಾಟಿಯೇ ಹೋಗಬೇಕು. ಇಪ್ಪತ್ತೆರಡು ವರ್ಷ ಅವಳು ಅಲ್ಲಿ ಕೂತು ಮಾಡಿದ ಕೆಲಸವನ್ನು ಒಂದೇ ಸಾಲಿನಲ್ಲಿ ಹೇಳಿ ಮುಗಿಸಬಹುದು. ಬೆಳಿಗ್ಗೆ ಗಾಡಿ ಬಿಟ್ಟುಹೋದವರಿಗೆ, ರಿಪೇರಿ ಮುಗಿದ ಮೇಲೆ, "ನಿಮ್ಮ ಗಾಡಿ ರೆಡಿ ಇದೆ, ಬಂದು ತಗೊಂಡು ಹೋಗಿ" ಎಂದು ಫೋನ್ ಮಾಡುವುದು. ಇಷ್ಟೇನಾ ಎಂದು ಮೂಗು ಮುರಿಯುವವರು ಒಂದೇ ಒಂದು ದಿನ ಆ ಕುರ್ಚಿಯಲ್ಲಿ ಕೂತು ನೋಡಬೇಕು. ಹನ್ನೆರಡು ಗಂಟೆಯ ಹೊತ್ತಿಗೆ ಮೇಜಿನ ಮೇಲೆ ಮೂವತ್ತು ಕೀ, ಎರಡು ಕಿವಿಗೆ ಎರಡು ಫೋನು, ಎದುರಿಗೆ ಮುಖ ಗಂಟಿಕ್ಕಿಕೊಂಡ ಮೂರು ಜನ. ಬೇರೆಯವರಾಗಿದ್ದರೆ ಮೂರನೇ ದಿನಕ್ಕೆ ಕೈಮುಗಿದು ಹೋಗುತ್ತಿದ್ದರು.

ಗಾಡಿ ರೆಡಿ ಎಂದು ಹೇಳುವುದು ಸುಲಭ. ಯಾರಿಗೆ ಹೇಗೆ ಹೇಳಬೇಕು ಎಂಬುದರಲ್ಲೇ ಎಲ್ಲ ಇರುವುದು. ಹಸಿರು ಕಾರಿನ ನಿವೃತ್ತ ಮೇಷ್ಟ್ರಿಗೆ ಕಿವಿ ಮಂದ. ಅವರಿಗೆ ಫೋನ್ ಮಾಡಿದರೆ "ಯಾರು? ಯಾರು?" ಎನ್ನುವುದರಲ್ಲೇ ಹತ್ತು ನಿಮಿಷ ಕಳೆಯುತ್ತದೆ, ಆದ್ದರಿಂದ ಮಗಳಿಗೆ ಹೇಳಬೇಕು. ಬ್ರೆಡ್ಡಿನ ವ್ಯಾನ್ ಓಡಿಸುವವನಿಗೆ ಓದಲು ಬರುವುದಿಲ್ಲ. ಅವನಿಗೆ ಮೆಸೇಜು ಕಳಿಸಿದರೆ ಕಳಿಸದ ಹಾಗೆಯೇ, ಬಾಯಲ್ಲೇ ಹೇಳಬೇಕು. ದೊಡ್ಡಾಸ್ಪತ್ರೆಯ ನರ್ಸಮ್ಮ ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಗಾಡಿ ಬಿಟ್ಟು ಮನೆಗೆ ಹೋಗಿ ಮಲಗುತ್ತಾಳೆ. ನಾಲ್ಕು ಗಂಟೆಗೆ ಮೊದಲು ಅವಳನ್ನು ಎಬ್ಬಿಸುವುದು ಪಾಪದ ಕೆಲಸ.

ಇದನ್ನೆಲ್ಲ ಫೋನಕ್ಕ ಅಂಗೈ ಅಗಲದ ಚೀಟಿಗಳಲ್ಲಿ ಬರೆಯುತ್ತಿದ್ದಳು. ಗಾಡಿಯ ಕೀಗೆ ಒಂದು ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ಗಾಡಿ ನಂಬರು, ಮಾಲೀಕರ ಹೆಸರು, ಫೋನ್ ನಂಬರು. ಚೀಟಿಯ ಮೇಲೆ ಹೇಗೆ ಹೇಳಬೇಕೆಂಬುದು ಮಾತ್ರ. ಆ ಚೀಟಿಯನ್ನು ಸಣ್ಣ ತಂತಿಯಿಂದ ಕೀ ಉಂಗುರಕ್ಕೆ ಕಟ್ಟುತ್ತಿದ್ದಳು, ಒಂದಲ್ಲ, ಎರಡು ಸುತ್ತು. ಕೀ ಒಳಗೆ ಹೋದರೆ ಚೀಟಿಯೂ ಒಳಗೆ, ಕೀ ಹೊರಗೆ ಬಂದರೆ ಚೀಟಿಯೂ ಹೊರಗೆ. ಕೀ ಬಿಟ್ಟು ಚೀಟಿ ಇರಕೂಡದು ಎನ್ನುವುದು ಗ್ಯಾರೇಜಿನ ಕಾನೂನು. ತಪ್ಪಿದವರು ಮೆಕ್ಯಾನಿಕ್ಕೇ ಆಗಿರಲಿ, ಮೇಸ್ತ್ರಿಯೇ ಆಗಿರಲಿ, ಅವಳ ಬಾಯಿಗೆ ಬಿದ್ದರು ಎಂದೇ ಅರ್ಥ.

ಈ ಕಾನೂನು ಕಣ್ಣೀರಿನಲ್ಲಿ ಹುಟ್ಟಿದ್ದು. ಸೇರಿದ ಹೊಸತರಲ್ಲಿ ಅವಳು ಚೀಟಿಗಳನ್ನು ಗೋಡೆಯ ಮೊಳೆಗೆ ಚುಚ್ಚಿಡುತ್ತಿದ್ದಳು. ಒಂದು ದಿನ ಒಬ್ಬ ಅಳಿಯ ಮಹಾಶಯ ತನ್ನ ಮಾವನ ಕಾರನ್ನು ಕಂಬಕ್ಕೆ ಗುದ್ದಿಸಿ, ಗುಟ್ಟಾಗಿ ತಂದು ಬಿಟ್ಟುಹೋದ. ಮನೆಗೆ ಫೋನ್ ಮಾಡಬಾರದು, ಆಫೀಸಿಗೇ ಮಾಡಬೇಕು ಎಂದು ಚೀಟಿ. ಮೊಳೆಯ ಮೇಲೆ ಚೀಟಿಗಳು ಹಿಂದುಮುಂದಾದವು. ಫೋನು ಮನೆಗೆ ಹೋಯಿತು, ಎತ್ತಿದ್ದು ಸಾಕ್ಷಾತ್ ಮಾವ. ಮಾವ, ಅಳಿಯ, ಮಗಳು, ಮೂವರೂ ಗ್ಯಾರೇಜಿಗೆ ಬಂದು ರಾದ್ಧಾಂತ ಮಾಡಿದರು. ಫೋನಕ್ಕ ಟಯರುಗಳ ಹಿಂದೆ ನಿಂತು ಅತ್ತಳು. ಮಾರನೆಯ ದಿನ ಮೊಳೆಯನ್ನು ಕಿತ್ತು ಬಿಸಾಡಿ, ತಂತಿಯ ಸುರುಳಿ ತಂದಳು.

ಗ್ಯಾರೇಜಿನ ಯಜಮಾನರು ಕೆಟ್ಟವರೇನಲ್ಲ. ಆದರೆ ಅವರಿಗೆ ಒಂದು ರೋಗವಿತ್ತು, ಯಾರಿಗೂ ಏನನ್ನೂ ಎದುರಿಗೆ ನಿಂತು ಹೇಳುವವರಲ್ಲ. ಮೇಲಿನ ಗಾಜಿನ ಕೋಣೆಯಲ್ಲಿ ಕೂತಿರುತ್ತಿದ್ದರು. ಬೈಗುಳವಿದ್ದರೂ ಮೇಸ್ತ್ರಿಯ ಬಾಯಲ್ಲಿ, ಹೊಗಳಿಕೆಯಿದ್ದರೂ ಮೇಸ್ತ್ರಿಯ ಬಾಯಲ್ಲಿ. ಹೊಗಳಿಕೆ ಕೆಳಗೆ ಬರುವಷ್ಟರಲ್ಲಿ ಅರ್ಧ ಸೋರಿಹೋಗಿರುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವರು ಫೋನಕ್ಕನಿಗೆ ನೇರವಾಗಿ ಹೇಳಿದ ಮಾತುಗಳನ್ನು ಬೆರಳಲ್ಲಿ ಎಣಿಸಬಹುದಿತ್ತು, ಅದರಲ್ಲೂ ಎರಡು "ಬಾಗಿಲು ಹಾಕಿ" ಎಂಬುದು.

ಹಾಗಾಗಿ ಆ ಸುದ್ದಿಯೂ ಮೇಸ್ತ್ರಿಯ ಮೂಲಕವೇ ಬಂತು. ಮೇಸ್ತ್ರಿ ಎಂದರೆ ಗ್ಯಾರೇಜಿನ ದೊಡ್ಡ ಮೆಕ್ಯಾನಿಕ್ಕು, ಕೈ ಎಷ್ಟು ಕಪ್ಪೋ ಮನಸ್ಸು ಅಷ್ಟು ಬಿಳಿ. ಆ ದಿನ ಅವನು ಕೈ ಒರೆಸಿದ್ದೇ ಒರೆಸಿದ್ದು. ಕೊನೆಗೆ ಹೇಳಿದ. ಹೊರಗಿನ ಒಂದು ಕಂಪನಿಯವರು ತಾನಾಗಿಯೇ ಮೆಸೇಜು ಕಳಿಸುವ ಯಂತ್ರ ಕೊಡುತ್ತಾರಂತೆ. ಬಿಡಿಭಾಗಗಳ ಕಪಾಟಿನ ಪಕ್ಕದ ಸಣ್ಣ ಕೋಣೆಯನ್ನು ಅದಕ್ಕೆ ಖಾಲಿ ಮಾಡಿಸುತ್ತಾರಂತೆ. ತಿಂಗಳ ಕೊನೆಗೆ ಫೋನಿನ ಮೇಜು ಇರುವುದಿಲ್ಲವಂತೆ.

ಫೋನಕ್ಕ ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟಳು. ಆದರೆ ಅವಳು ಅಳಲಿಲ್ಲ. ಆ ಕಂಪನಿಯ ಯಂತ್ರವನ್ನು ಹಿಂದಿನ ತಿಂಗಳು ಒಂದು ವಾರ ತಂದಿಟ್ಟು ನೋಡಿದ್ದರು. ಅದು ಮೇಷ್ಟ್ರಿಗೂ ಮೆಸೇಜು ಕಳಿಸಿತು, ಬ್ರೆಡ್ಡಿನವನಿಗೂ ಮೆಸೇಜು ಕಳಿಸಿತು, ನರ್ಸಮ್ಮನನ್ನು ಹನ್ನೊಂದು ಗಂಟೆಗೆ ಮೂರು ಸಲ ಎಬ್ಬಿಸಿತು. ಎಲ್ಲರನ್ನೂ ಒಂದೇ ಕೋಲಿನಲ್ಲಿ ಅಟ್ಟುವ ಯಂತ್ರ ಅದು. ತನ್ನ ಜಾಗಕ್ಕೆ ತನಗಿಂತ ಜಾಣರು ಬಂದರೆ ಎದ್ದುಹೋಗಬಹುದು, ಇಂಥ ದಡ್ಡ ಬಂದು ಕೂರುವುದೆಂದರೇನು ಎಂದು ಅವಳಿಗೆ ರೋಷ ಉಕ್ಕಿತು.

ರೋಷದ ಹಿಂದೆ ಒಂದು ಗುಟ್ಟಿತ್ತು. ಮೂರು ವರ್ಷದಿಂದ ಫೋನಕ್ಕ ಭಾನುವಾರ ಬೆಳಿಗ್ಗೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಯುತ್ತಿದ್ದಳು. ಕಲಿಸುತ್ತಿದ್ದವಳು ಅವಳ ನಾದಿನಿ, ಒಂದು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುವವಳು. ಮೊದಮೊದಲು ಊಟದ ಮೇಜಿನ ಮೇಲೆ ತಮಾಷೆಗೆ ಶುರುವಾದದ್ದು, ಬರಬರುತ್ತ ಅತ್ತಿಗೆಯ ತಲೆಗೆ ಹತ್ತಿಬಿಟ್ಟಿತ್ತು. ನಲವತ್ತೇಳರಲ್ಲಿ ಇದೇನು ಹೊಸ ಹುಚ್ಚು ಎಂದು ಗಂಡ ಕಾಲೆಳೆದ. ಆದರೆ ಭಾನುವಾರದ ಪಾತ್ರೆಗಳನ್ನು ತೊಳೆಯುವುದು ತನ್ನ ಪಾಲಿಗೆ ಬಂದದ್ದಕ್ಕೆ ತಕರಾರು ಮಾಡಲಿಲ್ಲ. ಒಳ್ಳೆಯ ಗಂಡ ಎನ್ನಲು ಅಷ್ಟು ಸಾಕು.

ಆ ಪಾಠಗಳಲ್ಲಿ ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಕಾಲ್‌ಬ್ಯಾಕ್ ಎಂಬ ಸಂಗತಿ. ಒಂದು ಕೆಲಸವನ್ನು ಈಗ ಮಾಡದೆ, ಇಂಥದ್ದು ಆದಮೇಲೆ ಮಾಡು ಎಂದು ಇನ್ನೊಬ್ಬರ ಕೈಗೆ ಒಪ್ಪಿಸಿ ಇಡುವುದು. ನಾದಿನಿ ಅದನ್ನು ಅರ್ಧ ಗಂಟೆ ವಿವರಿಸಿದಾಗ ಫೋನಕ್ಕ ನಕ್ಕುಬಿಟ್ಟಿದ್ದಳು. ಇದಕ್ಕೂ ಪುಸ್ತಕ ಬೇಕಾ, ನಾನು ದಿನಾ ಅನ್ನ ತಿನ್ನುವುದೇ ಇದರಿಂದ ಎಂದಿದ್ದಳು.

ಈಗ ಅವಳು ಮೇಸ್ತ್ರಿಯ ಮೂಲಕವೇ ಮೇಲಕ್ಕೆ ಮಾತು ಕಳಿಸಿದಳು. ಯಂತ್ರ ಬೇಕಿದ್ದರೆ ನಾನೇ ಮಾಡಿಕೊಡುತ್ತೇನೆ, ಒಂದು ದಿನ ಅವಕಾಶ ಕೊಡಿ. ಮೇಲಿಂದ ಉತ್ತರ ಬಂತು. ಬರುವ ಶನಿವಾರ, ಬಂದ ಎಲ್ಲ ಗಾಡಿಯೂ. ಫೋನಕ್ಕ ಫೋನ್ ಮುಟ್ಟಕೂಡದು. ಒಂದು ಕರೆ ತಪ್ಪಿದರೂ ಸೋಮವಾರ ಕಂಪನಿಯ ಯಂತ್ರ ಒಳಗೆ, ಮೇಜು ಹೊರಗೆ.

ರಿಪೇರಿಗೆ ಗಾಡಿ ನಿಲ್ಲಿಸುವ ಪಿಟ್‌ಗಳು ಆರು. ಮೇಸ್ತ್ರಿ ಆರು ಹಸಿರು ಬಟನ್ ತಂದು ಒಂದೊಂದರ ಗೋಡೆಗೂ ಹಾಕಿಸಿದ. ರಿಪೇರಿ ಮುಗಿದ ಕೂಡಲೇ ಮೆಕ್ಯಾನಿಕ್ಕು ಬಟನ್ ಒತ್ತಬೇಕು, ಮುಂದಿನದ್ದು ಪ್ರೋಗ್ರಾಮಿನ ಪಾಡು. ಬಟನ್ನಿಗೆ ಗಾಡಿಯ ವಿಷಯ ಏನೂ ಗೊತ್ತಿರುವುದಿಲ್ಲ. ತನ್ನ ಬಳಿ ಯಾವ ಕೆಲಸ ಒಪ್ಪಿಸಿದ್ದಾರೋ ಅದನ್ನು ಒತ್ತಿದಾಗ ಮಾಡುತ್ತದೆ, ಅಷ್ಟೆ. ಪ್ರೋಗ್ರಾಮಿನೊಳಗೆ ಪ್ರತಿ ಗಾಡಿಯೂ ಒಂದೊಂದು ಬಿಡಿ ಆಸಾಮಿ. ಅದಕ್ಕೆ ಅದರದೇ ನಂಬರು, ಅದರದೇ ಮಾಲೀಕರು, ಜೊತೆಗೆ ಸುದ್ದಿ ಹೇಳುವ ಅದರದೇ ಕ್ರಮ. ಆ ಕ್ರಮಕ್ಕೆ ನಾದಿನಿ ಮೆಥಡ್ ಎನ್ನುತ್ತಿದ್ದಳು, ಫೋನಕ್ಕ ಮನಸ್ಸಿನಲ್ಲೇ ಚೀಟಿ ಎನ್ನುತ್ತಿದ್ದಳು. ಗಾಡಿ ಪಿಟ್‌ಗೆ ಹೋದಾಗ ಆ ಮೆಥಡ್ಡನ್ನು ಬಟನ್ನಿಗೆ ಒಪ್ಪಿಸಿಬಿಟ್ಟರೆ ಆಯಿತು ಎಂದು ಅವಳ ಲೆಕ್ಕಾಚಾರ.

ಮಂಗಳವಾರ ಮೊದಲ ಪರೀಕ್ಷೆ. ಸಿಕ್ಕಿದ್ದು ಯಾರು? ಯಜಮಾನರ ಭಾವಮೈದ. ಬ್ರೇಕು ಹಿಡಿಯುತ್ತಿಲ್ಲ ಎಂದು ಕಾರು ಬಿಟ್ಟು ಗೇಟಿನ ತನಕ ಹೋಗಿದ್ದಾನೋ ಇಲ್ಲವೋ, ಜೇಬಿನಲ್ಲಿ ಫೋನು ಬಡಿದುಕೊಂಡು ನಿಮ್ಮ ಗಾಡಿ ರೆಡಿ ಇದೆ ಎಂದಿತು. ಅವನು ಹಿಂದಿರುಗಿ ಬಂದು, ಇಷ್ಟು ಬೇಗ ಬ್ರೇಕು ಸರಿಮಾಡುವ ಗ್ಯಾರೇಜನ್ನು ನಾನು ಜನ್ಮದಲ್ಲಿ ಕಂಡಿಲ್ಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಐದು ನಿಮಿಷದಲ್ಲಿ ಸುದ್ದಿ ಗಾಜಿನ ಕೋಣೆ ಮುಟ್ಟಿತು. ಫೋನಕ್ಕ ಪೆಚ್ಚುಮೋರೆ ಹಾಕಿಕೊಂಡು ನಾದಿನಿಗೆ ಫೋನ್ ಮಾಡಿದಳು.

"ಅತ್ತಿಗೆ, ಮೆಥಡ್ ಹೆಸರಿನ ಪಕ್ಕ ಬ್ರಾಕೆಟ್ ಹಾಕಿದ್ದೀರಾ ನೋಡಿ," ಎಂದಳು ನಾದಿನಿ. "ಬ್ರಾಕೆಟ್ ಹಾಕಿದ್ರೆ ಈಗ್ಲೇ ಮಾಡು ಅಂತ. ಬರೀ ಹೆಸರು ಕೊಟ್ರೆ ಇಟ್ಕೊಂಡಿರು, ಆಮೇಲೆ ಮಾಡು ಅಂತ."

ಹಾಕಿದ್ದಳು. ಒಪ್ಪಿಸಿ ಇಡಬೇಕಾದ ಕೆಲಸವನ್ನು ಆಗಲೇ ಮಾಡಿಸಿಬಿಟ್ಟಿದ್ದಳು. ನಾಲಿಗೆ ಕಚ್ಚಿಕೊಂಡು ಬ್ರಾಕೆಟ್ ಅಳಿಸಿದಳು. ಮೇಸ್ತ್ರಿ ಮಾತ್ರ ಇಡೀ ದಿನ, ಯಾರು ಸ್ಪ್ಯಾನರ್ ಕೇಳಿದರೂ, ಕೇಳುವ ಮೊದಲೇ ರೆಡಿ ಇದೆ ಎಂದು ಹಲ್ಲು ಕಿರಿಯುತ್ತಿದ್ದ.

ಬುಧವಾರ ಬೇರೆ ತರಹದ ಗ್ರಹಚಾರ. ಈಗ ಬಟನ್ ಒತ್ತಿದಾಗಲೇ ಪ್ರೋಗ್ರಾಮು ಎಚ್ಚರಾಗುತ್ತಿತ್ತು, ಅಲ್ಲಿಗೆ ಸರಿ. ಆದರೆ ಎಚ್ಚರಾದದ್ದೇ ಕಣ್ಣುಬಾಯಿ ಬಿಟ್ಟು ನಿಂತುಬಿಡುತ್ತಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಕೆಂಪು ಸಾಲು, ಮಾಲೀಕರ ನಂಬರು ಸಿಗುತ್ತಿಲ್ಲ. ನಂಬರು ಇಲ್ಲದಿದ್ದರೆ ತಾನೇ? ಗಾಡಿಯ ಹೆಸರಿನಡಿ ಚೆನ್ನಾಗಿ ಕೂತಿದೆ. ಅವಳು ನೇರವಾಗಿ ಗಾಡಿಯನ್ನೇ ಕರೆದು ಹೇಳಿಸಿದರೆ ಸರಿಯಾಗಿ ಹೇಳುತ್ತದೆ. ಅದೇ ಮೆಥಡ್ಡನ್ನು ಬಟನ್ನಿಗೆ ಒಪ್ಪಿಸಿದರೆ ಯಾರ ನಂಬರು, ಯಾರ ನಂಬರು ಎಂದು ತಡವರಿಸುತ್ತದೆ. ಇಡೀ ದಿನ ಹೀಗೇ ಹೋಯಿತು. ಗುರುವಾರ ಬೆಳಿಗ್ಗೆಯೂ ಹೀಗೇ ಹೋಯಿತು. ನಾದಿನಿ ಕಾಲೇಜಿನ ಪರೀಕ್ಷೆಯ ಮೇಲ್ವಿಚಾರಣೆಗೆ ಹೋಗಿದ್ದಳು, ಫೋನನ್ನು ಹೊರಗೇ ಇಟ್ಟು ಒಳಗೆ ಹೋಗಬೇಕಂತೆ.

ಗುರುವಾರ ಮಧ್ಯಾಹ್ನ ಊಟದ ಡಬ್ಬಿ ಮುಚ್ಚಿದ ಹಾಗೆಯೇ ಇತ್ತು. ಫೋನಕ್ಕ ಪರದೆಯನ್ನು ದಿಟ್ಟಿಸುತ್ತ ಕೂತಿದ್ದಳು. ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂದಿತ್ತು. ಇಪ್ಪತ್ತೆರಡು ವರ್ಷ ಎರಡು ಫೋನು ಹಿಡಿದು ಬದುಕಿದವಳಿಗೆ ಇದು ಬೇಕಿತ್ತಾ, ಎಲ್ಲರ ಮುಂದೆ ನಗೆಪಾಟಲಾಗುವುದಕ್ಕೇ ಹೊರಟೆನಾ ಎಂದು ಮನಸ್ಸು ಕುಸಿಯತೊಡಗಿತ್ತು. ಅಷ್ಟರಲ್ಲಿ ಮೇಸ್ತ್ರಿ ಬಂದು, ಎಣ್ಣೆ ಮೆತ್ತಿದ ಒಂದು ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟ. ನಾಲ್ಕನೇ ಪಿಟ್‌ನ ನೆಲದಲ್ಲಿ ಬಿದ್ದಿತ್ತಂತೆ. ಆರು ಗಂಟೆಯ ಮೇಲೆ ಹೇಳಬೇಕು, ಮೆಲ್ಲಗೆ ಹೇಳಬೇಕು ಎಂದು ಅದರಲ್ಲಿ ಬರೆದಿತ್ತು.

"ಇದು ಯಾರದ್ದು ಅಕ್ಕ?" ಎಂದ.

ಫೋನಕ್ಕ ಸಿಡಿದೆದ್ದಳು. ಎರಡು ದಿನದ ಸಿಟ್ಟೆಲ್ಲ ಮೇಸ್ತ್ರಿಯ ತಲೆಯ ಮೇಲೆ ಸುರಿಯಿತು. "ಯಾರದ್ದು ಅಂತ ನನ್ನ ಕೇಳ್ತೀರಾ? ಕೀ ಎಲ್ಲಿ? ಕೀ ಬಿಟ್ಟು ಬರೀ ಚೀಟಿ ತಂದುಕೊಟ್ರೆ ಹೇಗೆ ಹೇಳ್ಬೇಕು ಅನ್ನೋದು ಗೊತ್ತಾಗತ್ತೆ, ಯಾರಿಗೆ ಅನ್ನೋದು ಅದಕ್ಕೇನು ಗೊತ್ತು?"

ಹೇಳಿದವಳು ಹಾಗೆಯೇ ನಿಂತಳು. ನಿಧಾನವಾಗಿ ಪರದೆಯ ಕಡೆ ತಿರುಗಿದಳು. ಕೆಂಪು ಸಾಲು ಅಲ್ಲಿಯೇ ಇತ್ತು, ಮಾಲೀಕರ ನಂಬರು ಸಿಗುತ್ತಿಲ್ಲ.

ಬರೀ ಚೀಟಿಯನ್ನು ಒಪ್ಪಿಸಿದ್ದಳು. ಕೀ ಬಿಟ್ಟು ಚೀಟಿ ಇರಕೂಡದು ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು, ಗಾಡಿಯಿಂದ ಮೆಥಡ್ಡನ್ನು ಕಿತ್ತು ಅದೊಂದನ್ನೇ ಬಟನ್ನಿನ ಕೈಗೆ ಕೊಟ್ಟಿದ್ದಳು. ಅದಕ್ಕೆ ಹೇಗೆ ಹೇಳಬೇಕೆಂಬುದು ಗೊತ್ತು, ತಾನು ಯಾರದ್ದೆಂಬುದು ಗೊತ್ತಿಲ್ಲ. ಪಾಪ, ಅದು ಕೇಳುತ್ತಿದ್ದುದು ಮೇಸ್ತ್ರಿ ಕೇಳಿದ ಪ್ರಶ್ನೆಯನ್ನೇ. ಎರಡು ದಿನದಿಂದ ಕೆಂಪು ಅಕ್ಷರದಲ್ಲಿ ಕೇಳುತ್ತಲೇ ಇತ್ತು. ಅವಳು ನಗಲು ಶುರುಮಾಡಿದಳು. ಮೇಸ್ತ್ರಿ ಗಾಬರಿಯಾಗಿ ನೀರು ತರಲು ಓಡಿದ.

ಭಾನುವಾರದ ಪಾಠದ ನೋಟ್‌ಬುಕ್ಕನ್ನು ಚೀಲದಿಂದ ತೆಗೆದು ಹಾಳೆ ಮಗುಚಿದಳು. ಇತ್ತು. ಮೆಥಡ್ಡನ್ನು ಅದರ ಒಡೆಯನ ಜೊತೆ ಕಟ್ಟಿಕೊಡುವ ಒಂದು ಪುಟ್ಟ ಸಾಲು, ಅವಳದೇ ಕೈಬರಹದಲ್ಲಿ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಇದು ಯಾವ ಕೆಲಸಕ್ಕೆ ಬರುತ್ತದೋ ಎಂದು ಅವತ್ತು ಅಂದುಕೊಂಡದ್ದು ನೆನಪಾಯಿತು. ಈಗ ಆ ಸಾಲನ್ನು ಪ್ರೋಗ್ರಾಮಿಗೆ ಸೇರಿಸಿದಳು. ನಾಲ್ಕನೇ ಪಿಟ್‌ನಲ್ಲಿ ಮೇಸ್ತ್ರಿ ಬಟನ್ ಒತ್ತಿದ, ಮೇಜಿನ ಮೇಲಿನ ಅವಳ ಸ್ವಂತ ಫೋನು, ಪರೀಕ್ಷೆಗೆಂದು ಕೊಟ್ಟಿದ್ದ ಮಾತನ್ನು ಹೇಳಿತು. ಆಮೇಲೆ ಅವಳು ಡಬ್ಬಿ ತೆಗೆದು, ತಣ್ಣಗಾದ ಊಟವನ್ನು ಒಂದು ಅಗುಳೂ ಬಿಡದೆ ಉಂಡಳು.

ಶನಿವಾರ ಮೂವತ್ತೊಂದು ಗಾಡಿ ಬಂದವು. ಗಾಜಿನ ಕೋಣೆಯಲ್ಲಿ ಯಜಮಾನರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂತಿದ್ದರು. ಫೋನಕ್ಕ ಎರಡೂ ಫೋನುಗಳನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಮೇಸ್ತ್ರಿಗೆ ಕೊಟ್ಟಳು. ಕೈ ಖಾಲಿ ಇದ್ದು ಅವಳಿಗೆ ಅಭ್ಯಾಸವಿರಲಿಲ್ಲ, ಸೆರಗಿನ ತುದಿಯನ್ನು ಸುತ್ತುತ್ತಲೇ ಇದ್ದಳು.

ಮೊದಲ ಬಟನ್ ಒಂಬತ್ತೂವರೆಗೆ. ಮೇಷ್ಟ್ರ ಹಸಿರು ಕಾರು. ಮೆಸೇಜು ಮಗಳಿಗೆ ಹೋಯಿತು, ಇಪ್ಪತ್ತು ನಿಮಿಷದಲ್ಲಿ ಮಗಳ ಜೊತೆ ಮೇಷ್ಟ್ರು ಬಂದರು. ಹತ್ತೂಕಾಲಿಗೆ ಬ್ರೆಡ್ಡಿನ ವ್ಯಾನು. ಅವನಿಗೆ ಹೋದದ್ದು ಫೋನಕ್ಕನೇ ಮೊದಲು ಮಾತಾಡಿ ಇಟ್ಟಿದ್ದ ದನಿ. ಅವನು ಆ ದನಿಗೆ ಉತ್ತರ ಕೊಟ್ಟು, ಕ್ಷೇಮಸಮಾಚಾರ ಕೇಳಿ, ಅದು ತಿರುಗಿ ಮಾತಾಡದಿದ್ದಕ್ಕೆ ಬೇಸರ ಮಾಡಿಕೊಂಡು ಬಂದ. ಹನ್ನೆರಡರ ಒಳಗೆ ಹದಿನಾಲ್ಕು ಗಾಡಿ ಹೊರಟುಹೋದವು, ಒಂದೂ ತಪ್ಪಲಿಲ್ಲ. ಮೆಕ್ಯಾನಿಕ್ಕುಗಳಿಗೂ ಹುರುಪು ಬಂದು, ಬಟನ್ ಒತ್ತಲು ನಾ ಮುಂದು ತಾ ಮುಂದು ಎನ್ನತೊಡಗಿದರು.

ಒಂದೂವರೆಗೆ ಮೂರನೇ ಪಿಟ್‌ನಲ್ಲಿ ನರ್ಸಮ್ಮನ ಗಾಡಿ ಮುಗಿಯಿತು. ಬಟನ್ ಒತ್ತಿದರು. ಏನೂ ಆಗಲಿಲ್ಲ. ಮೇಸ್ತ್ರಿ ಇನ್ನೊಮ್ಮೆ ಒತ್ತಿಸಿದ. ಆಗಲೂ ಏನೂ ಆಗಲಿಲ್ಲ. ಮೇಲೆ ಗಾಜಿನ ಹಿಂದೆ ಯಜಮಾನರು ಎದ್ದು ನಿಂತರು. ಮೇಸ್ತ್ರಿ ಏದುಸಿರು ಬಿಡುತ್ತ ಓಡಿಬಂದ.

"ಅಕ್ಕ, ಮೂರನೇದು ಕೈಕೊಡ್ತು. ಮೆಸೇಜೇ ಹೋಗ್ಲಿಲ್ಲ."

"ಹೋಗಲ್ಲ," ಎಂದಳು ಫೋನಕ್ಕ. "ಆಯಮ್ಮ ಮಲಗಿದ್ದಾರೆ. ನಾಲ್ಕಕ್ಕೆ ಹೋಗತ್ತೆ."

ಹೇಳಿದ್ದು ಜಂಬದಲ್ಲಿ, ಒಳಗೆ ಧೈರ್ಯ ಅಷ್ಟಿರಲಿಲ್ಲ. ಕಾಯುವ ಮೆಥಡ್ಡನ್ನು ಅವಳು ಶುಕ್ರವಾರವಷ್ಟೇ ಬರೆದಿದ್ದಳು, ಎರಡು ಸಲ ಒತ್ತಿದರೆ ಎರಡು ಸಲ ಹೇಳಿಬಿಡುತ್ತದೋ ಏನೋ ಎಂಬ ಅಳುಕು ಬೇರೆ. ಎರಡೂವರೆ ಗಂಟೆ ಹೊತ್ತು ಉಳಿದ ಗಾಡಿಗಳು ಬಂದದ್ದೂ ಹೋದದ್ದೂ ಅವಳಿಗೆ ಅರ್ಧಂಬರ್ಧ ಗೊತ್ತು. ಗೋಡೆಯ ಗಡಿಯಾರದ ಮುಳ್ಳು ಬೇಕೆಂದೇ ತೆವಳುತ್ತಿತ್ತು. ನಾಲ್ಕು ಹೊಡೆಯಿತು. ಪರದೆಯ ಮೇಲೆ ಒಂದು ಸಾಲು ಮೂಡಿತು, ಒಂದೇ ಸಾಲು, ಸುದ್ದಿ ಮುಟ್ಟಿದೆ. ಎರಡನೆಯದು ಬರಲಿಲ್ಲ. ಫೋನಕ್ಕ ಸೆರಗಿನ ತುದಿಯನ್ನು ಕೈಬಿಟ್ಟಳು.

ನಾಲ್ಕೂಮುಕ್ಕಾಲಿಗೆ ನರ್ಸಮ್ಮ ಬಂದಳು. ತಲೆ ಬಾಚಿಕೊಂಡು, ಮುಖ ತೊಳೆದುಕೊಂಡು, ಬೇರೆ ಮನುಷ್ಯಳ ಹಾಗೆ ಕಾಣುತ್ತಿದ್ದಳು. ಪೂರ್ತಿ ನಿದ್ದೆ ಆಯಿತು ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಕೀ ಇಸಿದುಕೊಂಡು ಹೋದಳು. ಆ ಮಾತು ಗಾಜಿನ ಕೋಣೆಯವರೆಗೂ ಹೋಯಿತು, ಮಧ್ಯೆ ಮೇಸ್ತ್ರಿ ಬೇಕಾಗಲಿಲ್ಲ. ಐದೂಮುಕ್ಕಾಲಿಗೆ ಮೂವತ್ತೊಂದನೆಯ ಗಾಡಿ ಗೇಟು ದಾಟಿತು. ಮೂವತ್ತೊಂದಕ್ಕೆ ಮೂವತ್ತೊಂದು. ಮೆಕ್ಯಾನಿಕ್ಕುಗಳು ಸ್ಪ್ಯಾನರುಗಳಿಂದ ಕಬ್ಬಿಣದ ಡ್ರಮ್ಮು ಬಡಿದು ಗ್ಯಾರೇಜನ್ನು ತಲೆಯ ಮೇಲೆ ಹೊತ್ತುಕೊಂಡರು. ಮೇಸ್ತ್ರಿ ಡ್ರಾಯರಿನ ಬೀಗದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಒಪ್ಪಿಸಿದ.

ಗದ್ದಲ ತಟ್ಟನೆ ನಿಂತಿತು. ಕಬ್ಬಿಣದ ಮೆಟ್ಟಿಲ ಮೇಲೆ ಯಜಮಾನರು ಇಳಿದು ಬರುತ್ತಿದ್ದರು. ಆ ಹೊತ್ತಿನಲ್ಲಿ ಅವರು ಕೆಳಗೆ ಬಂದದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಅವರು ಮೇಸ್ತ್ರಿಯನ್ನು ದಾಟಿ ನೇರವಾಗಿ ಮೇಜಿನ ಹತ್ತಿರ ಬಂದು, ಒಂದು ಕೀಯನ್ನು ಫೋನಕ್ಕನ ಮುಂದಿಟ್ಟರು. ಗಾಡಿಯ ಕೀಯಲ್ಲ, ಬಾಗಿಲಿನ ಕೀ. ಕಪಾಟಿನ ಪಕ್ಕದ ಸಣ್ಣ ಕೋಣೆಯದ್ದು, ಯಂತ್ರಕ್ಕೆಂದು ಖಾಲಿ ಮಾಡಿಸಿದ್ದು. ಅದಕ್ಕೊಂದು ತಗಡಿನ ಬಿಲ್ಲೆ ಹಾಕಿತ್ತು, ಬಿಲ್ಲೆಯ ಮೇಲೆ ಫೋನಕ್ಕ ಎಂದಿತ್ತು. ಉಂಗುರಕ್ಕೆ ತಂತಿಯಲ್ಲಿ ಒಂದು ಚೀಟಿ. ಯಜಮಾನರ ಕೋಳಿಕಾಲಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: ಎದುರಿಗೆ ನಿಂತು ಹೇಳಬೇಕು.

ಅವರು ಗಂಟಲು ಸರಿಮಾಡಿಕೊಂಡರು. ಒಂದು ಸಲ ನೆಲ ನೋಡಿದರು. ಆಮೇಲೆ ಅವಳ ಮುಖ ನೋಡಿ ಹೇಳಿದರು.

"ನಿಮ್ಮ ರೂಮು ರೆಡಿ ಇದೆ. ಬಂದು ತಗೊಳ್ಳಿ."

ಫೋನಕ್ಕನ ಕಣ್ಣು ತುಂಬಿತು. ಇಪ್ಪತ್ತೆರಡು ವರ್ಷ ಊರವರಿಗೆಲ್ಲ ಅವಳು ಹೇಳಿದ ಮಾತು, ಅವಳಿಗೆ ಒಬ್ಬರು ಹೇಳಿದ್ದು ಇದೇ ಮೊದಲು. ಕೀ ಎತ್ತಿಕೊಂಡು, ತಿರುಗಿಸಿ, ತಂತಿಯನ್ನು ನೋಡಿದಳು. ಯಜಮಾನರು ಒಂದೇ ಸುತ್ತು ಸುತ್ತಿದ್ದರು. ಅವಳು ಕಣ್ಣೊರೆಸಿಕೊಂಡು, ಅವರ ಎದುರಿಗೇ ಎರಡನೆಯ ಸುತ್ತು ಬಿಗಿದು, ಆಮೇಲೆ ಎದ್ದು ತನ್ನ ಕೋಣೆಯ ಬಾಗಿಲು ತೆಗೆಯಲು ಹೋದಳು.